ರಟ್ಟಿನೊಳಗೆ ಉಳಿದ ಹಾಳೆ

ನಮ್ಮೂರಿನಲ್ಲಿ ಮನುಷ್ಯ ಸತ್ತ ನಲವತ್ತನೆಯ ದಿನಕ್ಕೆ ಅವನ ಕೈಬರಹವೂ ಹೋಗುತ್ತದೆ. ಹೊರಗಿನವರಿಗೆ ಹೇಳಿದರೆ ಕಣ್ಣರಳಿಸುತ್ತಾರೆ. ನಮಗೆ ಇದು ಬೇಸಿಗೆಯಲ್ಲಿ ಬಾವಿ ಬತ್ತಿದಷ್ಟೇ ಸಹಜ. ಮೂರನೆಯ ದಿನಕ್ಕೆ ಅಕ್ಷರ ಮಂಕಾಗಲು ಶುರುವಾಗುತ್ತದೆ, ಇಪ್ಪತ್ತರ ಹೊತ್ತಿಗೆ ಕಣ್ಣು ಕಿರಿದು ಮಾಡಿ ಓದಬೇಕು, ನಲವತ್ತನೆಯ ದಿನ ಫಾತಿಹಾ ಓದಿ ಬಂದವರಿಗೆ ಊಟ ಹಾಕುವಷ್ಟರಲ್ಲಿ ಹಾಳೆ ಬಿಳಿ. ಅದಕ್ಕೇ ನಮ್ಮಲ್ಲಿ ಕೆಮ್ಮುವ ಪೇಂಟರಿಗೆ ಯಾರೂ ಅಂಗಡಿಯ ಬೋರ್ಡು ಬರೆಯಲು ಕೊಡುವುದಿಲ್ಲ. ನಮ್ಮನೆಯವರು ಇದ್ದಾಗ ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಹೆಸರು ಬರೆದಿಟ್ಟಿದ್ದರು. ಅವರ ನಲವತ್ತು ಮುಗಿದ ಮರುದಿನ ನಾನು ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದೆ. "ಪುಣ್ಯಾತ್ಮ, ಹೋಗುವಾಗ ಇದನ್ನೂ ಹೊತ್ತುಕೊಂಡು ಹೋದೆಯಲ್ಲ" ಎಂದು ಬೈದೆ. ಆಮೇಲೆ ಕೂತು ಅತ್ತೆ.

ಅಳಿಯದೇ ಇರುವುದು ಒಂದೇ. ಕುರಾನಿನ ಆಯತನ್ನು, ಅಂದರೆ ಅದರ ಮೂಲ ವಚನವನ್ನು, ಯಾರ ಕೈ ಬರೆದಿದ್ದರೂ ಅದು ಹಾಗೇ ನಿಲ್ಲುತ್ತದೆ. ಅದರ ಅರ್ಥವನ್ನು ಯಾರು ಬರೆದರೂ ಬರೆದವರ ಜೊತೆಗೇ ಹೋಗುತ್ತದೆ. ಅಚ್ಚಿನ ಪುಸ್ತಕವನ್ನು ನಮ್ಮೂರವರು ನಂಬುವುದಿಲ್ಲ. ಯಾರು ಸತ್ತರೂ ಅಳಿಯದ ಮಾತಿಗೆ ಜವಾಬ್ದಾರಿ ಯಾರದು ಎಂದು ಕೇಳುತ್ತಾರೆ.

ಹಾಗಾಗಿ ಮಸೀದಿಯಲ್ಲಿ ಕುರಾನಿನ ಪಕ್ಕದಲ್ಲೇ ಇನ್ನೊಂದು ದೊಡ್ಡ ಪುಸ್ತಕವಿದೆ. ಅದು ಅರ್ಥದ ಕಿತಾಬು. ಆರುನೂರು ಹಾಳೆ. ಒಂದೊಂದು ಸೂರಾದ, ಅಂದರೆ ಅಧ್ಯಾಯದ, ಅರ್ಥ ಕನ್ನಡದಲ್ಲಿ, ಅದರ ಕೆಳಗೆ ಊರು ಹೇಗೆ ನಡೆಯಬೇಕೆಂಬ ಹುಕುಂ. ನಮಾಜು ನಡೆಸುವ ಪೇಶ್ ಇಮಾಮರು ತೀರಿಕೊಂಡರೆ ಮುಂದಿನವರು ನಲವತ್ತು ದಿನದೊಳಗೆ ಮಂಕಾಗುತ್ತಿರುವ ಅಕ್ಷರಗಳ ಮೇಲೇ ಲೇಖನಿ ಆಡಿಸಿ ತಿದ್ದಬೇಕು. ನಾಲ್ಕು ತಲೆಮಾರಿನಿಂದ ಒಂದು ಚುಕ್ಕೆಯೂ ಆಚೀಚೆ ಆಗಿಲ್ಲ ಎಂಬುದು ನಮ್ಮ ಜಮಾತಿನ ಹೆಮ್ಮೆ. ಹಾಳೆಗಳು ಬಿಡಿಯಾಗಿದ್ದರೆ ತಿದ್ದಲು ಸುಲಭ, ಆದ್ದರಿಂದ ಕಿತಾಬು ಮೊದಲು ನಮ್ಮ ಮನೆಗೆ ಬರುತ್ತದೆ. ನಾನು ಪುಸ್ತಕಗಳಿಗೆ ಜಿಲ್ದು ಕಟ್ಟುವವಳು, ಜೈತೂನ. ಅಜ್ಜ ಕಟ್ಟಿದ, ಅಪ್ಪ ಕಟ್ಟಿದ, ಗಂಡುಮಕ್ಕಳಲ್ಲಿ ಯಾರಿಗೂ ತಾಳ್ಮೆ ಇಲ್ಲದ್ದಕ್ಕೆ ನಾನು ಕಟ್ಟುತ್ತೇನೆ. ತಮ್ಮ ರಾಜೇಸಾಬ ಪಾತ್ರೆಗಳಿಗೆ ಕಲಾಯಿ ಹಾಕಿಕೊಂಡಿದ್ದಾನೆ.

ಈ ಸಲ ನಮ್ಮ ಪೇಶ್ ಇಮಾಮ್ ಮಸ್ತಾನ ಹಜರತರು ತೀರಿಕೊಂಡರು. ಮೂರನೆಯ ದಿನ ಹೊಸ ಪೇಶ್ ಇಮಾಮ್ ಅಬ್ದುಲ್ ವದೂದ್ ತಾವೇ ಕಿತಾಬನ್ನು ಎದೆಗೆ ಅವಚಿಕೊಂಡು ತಂದುಕೊಟ್ಟರು. ಹಜರತರ ಕೈಕೆಳಗೆ ಓದಿದವರು, ಮೂವತ್ತೈದರ ಆಸುಪಾಸು, ಮಾತು ಮೆತ್ತಗೆ. "ಜೈತೂನಾಪಾ, ನನಗ ಹೆದರಿಕಿ ಆಗಾಕತ್ತೈತ್ರಿ" ಎಂದರು. ನಾನು ಚಹಾ ಕೊಟ್ಟೆ. ಡಬ್ಬಿಗಳ ಮೇಲೆ ಈಗ ನನ್ನದೇ ಅಕ್ಷರವಿದೆ, ಸಕ್ಕರೆಯೇ ಬಿತ್ತು.

ರಾಜೇಸಾಬನ ಹೆಂಡತಿ ಬದ್ರುನ್ನಿಸಾಳ ವಿಷಯ ಇಲ್ಲೇ ಹೇಳಬೇಕು. ಎಂಟು ತಿಂಗಳ ಹಿಂದೆ ಅವಳ ಒಬ್ಬಳೇ ಮಗಳು ಮುನೀರಾ ಜ್ವರದಲ್ಲಿ ಹೋದಳು. ಎಂಟು ವರ್ಷದ ಕೂಸು. ಕಿಟಕಿಯ ಕೆಳಗಿನ ಗೋಡೆಯ ತುಂಬ ಇದ್ದಿಲಿನಿಂದ ತನ್ನ ಹೆಸರು ಬರೆದಿತ್ತು, ಮುನೀರಾ, ಮುನೀರಾ, ಮುನೀರಾ. ಬರೆದಾಗ ಬದ್ರು ಬೆನ್ನಿಗೆ ಎರಡು ಕೊಟ್ಟಿದ್ದಳು. ನಲವತ್ತನೆಯ ದಿನ ಆ ಗೋಡೆ ಸುಣ್ಣ ಬಳಿದಷ್ಟು ಬೆಳ್ಳಗಾಯಿತು. ಪಾಟಿಯೂ ಖಾಲಿ, ಶಾಲೆಯ ಪುಸ್ತಕವೂ ಖಾಲಿ. ಬೇರೆ ಊರಿನ ತಾಯಿಗೆ ಅಷ್ಟಾದರೂ ಉಳಿಯುತ್ತದೆ. ಬದ್ರುವಿಗೆ ಉಳಿದದ್ದು ಗೋರಿ ಒಂದೇ, ಅದನ್ನು ಅವಳು ನೋಡುವ ಹಾಗಿರಲಿಲ್ಲ. ಕಿತಾಬಿನಲ್ಲಿ ತಕಾಸುರ್ ಸೂರಾದ ಅರ್ಥದ ಕೆಳಗೆ ಒಂದು ಸಾಲಿದೆ: ಹೆಂಗಸರು ಖಬರಸ್ತಾನಕ್ಕೆ ಬರಕೂಡದು. ನನ್ನ ಅವ್ವ ಅದನ್ನು ಪಾಲಿಸಿದಳು, ನಾನೂ ಪಾಲಿಸಿದೆ. ನಮ್ಮನೆಯವರ ಗೋರಿ ಯಾವ ಮೂಲೆಯಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ.

ಬದ್ರು ದಿನಾ ಖಬರಸ್ತಾನದ ಗೇಟಿನ ತನಕ ಹೋಗಿ ನಿಂತು ಬರುತ್ತಿದ್ದಳು. ರಾಜೇಸಾಬ ಪ್ರತಿ ಶುಕ್ರವಾರ ಒಳಗೆ ಹೋಗಿ ಬಂದು "ಚೆನ್ನಾಗೈತಿ" ಎನ್ನುತ್ತಿದ್ದ. "ಕೇಳಿದ್ರೇನ ಆಪಾ, ಗೋರಿ ಚೆನ್ನಾಗೈತಂತ! ಮದುವಿ ಮನಿ ಏನ ಅದು?" ಎಂದು ಅವಳು ನನ್ನ ಹತ್ತಿರ ಹರಿಹಾಯುತ್ತಿದ್ದಳು. ಪಾಪ, ಅವನಾದರೂ ಏನು ಹೇಳಿಯಾನು.

ಕಿತಾಬು ಬಂದ ಮರುದಿನ ಅವಳು ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ನಾನು ಹೊಲಿಗೆ ಬಿಚ್ಚುತ್ತಿದ್ದೆ.

"ಆಪಾ, ಆ ಹಾಳಿ ಎಲ್ಲೈತಿ?"

"ಯಾವುದು?"

"ನಿಮಗ ಗೊತ್ತೈತಿ. ಒಂದ ಹಾಳಿ ಕಳದ್ರ ಯಾರಿಗೆ ತಿಳೀತೈತಿ? ಇಲಿ ತಿಂತು ಅನ್ನರಿ. ಒಂದ ಸಲ ಕೂಸಿನ ಮಣ್ಣ ಮುಟ್ಟಿ ಬರ್ತೀನಿ. ಅಕಿ ಯಾವತ್ತೂ ಒಬ್ಬಾಕಿನ ಮಲಗಿದಾಕಿ ಅಲ್ಲ."

ನನಗೆ ಸಿಟ್ಟು ಬಂತು. ಆ ಹಾಳೆ ಕಳೆಯಬೇಕೆಂದು ನನಗೂ ಅನ್ನಿಸಿದ್ದಕ್ಕೇ ಸಿಟ್ಟು ಬಂತು ಅಂತ ಈಗ ಗೊತ್ತಾಗುತ್ತದೆ. "ಬಾಯಿ ಮುಚ್ಚು. ನಮ್ಮಜ್ಜನ ಕಾಲದಿಂದ ಈ ಮನಿಗೆ ಬಂದ ಹಾಳಿ ಒಂದೂ ಕಳದಿಲ್ಲ" ಎಂದು ಗದರಿದೆ. ಅವಳು ಎದ್ದು ಹೋದಳು.

ಆರುನೂರು ಹಾಳೆಗಳನ್ನು ಬಿಡಿಸಿ ವದೂದರಿಗೆ ಒಪ್ಪಿಸಿದ ಮೇಲೆ ಹಳೆಯ ರಟ್ಟುಗಳು ನನ್ನಲ್ಲಿ ಉಳಿದವು. ನಮ್ಮಲ್ಲಿ ರಟ್ಟನ್ನು ಅಂಗಡಿಯಿಂದ ತರುವುದಿಲ್ಲ. ಬೇಡವಾದ ಹಾಳೆಗಳನ್ನು ಒಂದರ ಮೇಲೊಂದು ಮೈದಾ ಅಂಟಿನಿಂದ ಹಚ್ಚಿ, ಹುಳ ಬೀಳದಂತೆ ಅಂಟಿಗೆ ಚೂರು ಮೈಲುತುತ್ತ ಸೇರಿಸಿ, ಕಲ್ಲು ಹೇರಿ ಒಣಗಿಸುತ್ತೇವೆ. ಈ ರಟ್ಟು ಅಜ್ಜ ಮಾಡಿದ್ದು, ಅಂಚು ಬಿಟ್ಟಿತ್ತು. ನೀರಿನಲ್ಲಿ ನೆನೆಸಿ ಒಂದೊಂದೇ ಪದರ ಬಿಡಿಸಿದೆ. ಅಷ್ಟು ಹಳೆಯ ಹಾಳೆಗಳಲ್ಲಿ ಏನಿರುತ್ತದೆ? ಬರೆದವರೆಲ್ಲ ಯಾವತ್ತೋ ಮಣ್ಣಾದವರು. ಬಿಳಿ, ಬಿಳಿ, ಬಿಳಿ. ಒಂಬತ್ತನೆಯ ಪದರದಲ್ಲಿ ಅಕ್ಷರ ಕಂಡಿತು. ಕಪ್ಪಗೆ, ಗುಂಡಗೆ, ಈಗ ತಾನೇ ಬರೆದ ಹಾಗಿತ್ತು. ಹಾಳೆಯ ತಲೆಯಲ್ಲಿ ತಕಾಸುರ್ ಸೂರಾದ ಅರ್ಥ. ಅದರ ಕೆಳಗೆ ಹೀಗಿತ್ತು:

"ಈ ವರ್ಷ ಪ್ಲೇಗು ಬಂದಿದೆ. ಹೆಣಗಳನ್ನು ಹೂಳುವಲ್ಲಿ ರೋಗ ಹತ್ತುತ್ತಿದೆ. ಆದ್ದರಿಂದ ಹೆಂಗಸರು, ಮಕ್ಕಳು ಖಬರಸ್ತಾನಕ್ಕೆ ಬರಬಾರದು. ಇದು ಅಲ್ಲಾಹನ ಹುಕುಂ ಅಲ್ಲ, ನನ್ನ ಕೋರಿಕೆ. ರೋಗ ಇಳಿದ ಮೇಲೆ ಎಲ್ಲರೂ ಬನ್ನಿ, ನಿಮ್ಮವರನ್ನು ನೋಡಿ ಹೋಗಿ."

ಒದ್ದೆ ಕೈಯಲ್ಲೇ ಬದ್ರುವಿನ ಮನೆಗೆ ಓಡಿದೆ. ಅವಳು ಮೂರು ಸಲ ಓದಿ ನನ್ನ ಮುಖ ನೋಡಿದಳು. "ಆಪಾ, ಇದನ್ನ ಬರದವರು ಬದುಕ್ಯಾರ!"

ಪ್ಲೇಗು ಬಂದು ಎಂಬತ್ತು ವರ್ಷವಾಗಿತ್ತು. ಆಗ ಅಕ್ಷರ ಬಲ್ಲಷ್ಟು ದೊಡ್ಡವರಾಗಿದ್ದು ಇವತ್ತಿಗೂ ಉಸಿರಾಡುತ್ತಿರುವವರು ಊರಿನಲ್ಲಿ ಒಬ್ಬರೇ. ಹೆಂಚಿನ ಓಣಿಯ ಖೈರೂನಾನಿ. ಹಾಸಿಗೆ ಹಿಡಿದು ಎರಡು ವರ್ಷ, ಬಾಯಿ ಮಾತ್ರ ಒಂದು ದಿನವೂ ಹಾಸಿಗೆ ಹಿಡಿದಿರಲಿಲ್ಲ.

ಹಾಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನಾನಿ ಅಕ್ಷರಗಳ ಮೇಲೆ ಬೆರಳು ಆಡಿಸಿದರು. ಆಮೇಲೆ, "ಸುಟ್ಟಾರಂತ ತಿಳಿದಿದ್ದೆ" ಎಂದರು.

ನಾನಿಯ ಅಪ್ಪ ಆಗ ಪೇಶ್ ಇಮಾಮ್. ಜ್ವರದಲ್ಲಿ ಕೈ ಎತ್ತಲಾಗದೆ ಹನ್ನೆರಡು ವರ್ಷದ ಮಗಳಿಗೆ ಹೇಳಿ ಬರೆಸಿದರು. ನಾಲ್ಕು ದಿನಕ್ಕೆ ಅವರೇ ಹೋದರು. ಮುಂದೆ ಬಂದವರು ಹುಡುಗಿ ಬರೆದ ಹಾಳೆ ಕಿತಾಬಿನಲ್ಲಿ ಇರಬಾರದೆಂದು ಕಿತ್ತು, ಹೊಸ ಹಾಳೆಯಲ್ಲಿ ತಾವು ಬರೆದರು. ನಲವತ್ತು ದಿನ, ಆರುನೂರು ಹಾಳೆ, ಊರ ತುಂಬ ಹೆಣ. ಅವಸರದಲ್ಲಿ ಹುಕುಮನ್ನಷ್ಟೇ ಇಳಿಸಿಕೊಂಡರು, ಕಾರಣ ಬಿಟ್ಟರು. ಅವರ ಮೇಲೆ ಇನ್ನೊಬ್ಬರು ತಿದ್ದಿದರು, ಅವರ ಮೇಲೆ ಮಸ್ತಾನ ಹಜರತರು. ಹುಡುಗಿಯ ಹಾಳೆಯನ್ನು ಇದ್ದಲ್ಲೇ ಬಿಟ್ಟಿದ್ದರೆ ಇವತ್ತಿನವರೆಗೆ ಅದನ್ನು ತಿದ್ದುವ ಕಷ್ಟವೇ ಯಾರಿಗೂ ಇರುತ್ತಿರಲಿಲ್ಲ.

"ನೀವು ಯಾರಿಗೂ ಹೇಳಲಿಲ್ಲೇನ ನಾನಿ?" ಎಂದೆ.

"ಹೇಳಿದ್ದೆ. ಹನ್ನೆರಡ ವರ್ಷದಾಕಿ ಮಾತ ಯಾರ ಕೇಳ್ತಾರ? ಆಮ್ಯಾಲ ಮದುವಿ ಆತು, ಎಂಟ ಹಡದೆ, ನನಗ ಮರ್ತ ಹೋತು. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಂಗ. ನಮ್ಮಪ್ಪನ ಗೋರಿ ನಾನೂ ನೋಡಿಲ್ಲವ್ವ. ನನ್ನ ಕೈಲೆ ಬರದದ್ದ ನನ್ನ ತಡೀತು." ನಾನಿಯ ಕೆನ್ನೆಯ ಮೇಲೆ ನೀರು ಇಳಿಯಿತು. ಬದ್ರು ತನ್ನ ಸೆರಗಿನಿಂದ ಒರೆಸಿದಳು.

ವದೂದರು ಹಾಳೆಯನ್ನು ಮತ್ತೆ ಮತ್ತೆ ಓದಿದರು. ಮಸೀದಿಯ ಪಕ್ಕದ ಬಾಗಿಲಿನಲ್ಲಿ ನಾನೂ ಬದ್ರುವೂ ನಿಂತಿದ್ದೆವು.

"ನೋಡ್ರಿ ಆಪಾ, ಹದೀಸಿನ್ಯಾಗ ಮೊದಲ ಗೋರಿ ನೋಡೂದು ಬ್ಯಾಡ ಅಂದಿದ್ದ ಪ್ರವಾದಿಗಳು ಆಮ್ಯಾಲ ನೋಡ್ರಿ ಅಂದ್ರು, ಸತ್ತ ಮ್ಯಾಲಿನ ಆಖಿರತ್ ನೆನಪಾಗತೈತಿ ಅಂದ್ರು. ಗೋರಿ ಮುಂದ ಅಳೂ ಹೆಣ್ಣಮಗಳಿಗೆ ಸಬರ್ ಮಾಡವ್ವ, ತಾಳ್ಕೊ ಅಂದ್ರ ಹೊರತು ಎದ್ದ ಹೋಗ ಅನ್ನಲಿಲ್ಲ. ಹೆಂಗಸರು ಹೋಗಬಾರದು ಅನ್ನೂ ಮಾತೂ ಐತ್ರಿ. ಧರ್ಮ ಓದಿದ ಆಲಿಮರೊಳಗ ಎರಡೂ ಥರದವರು ಅದಾರ. ಇದನ್ನೆಲ್ಲ ನಾನು ಓದೇನಿ. ಆದ್ರ ನಮ್ಮ ಉಸ್ತಾದರು ತಿದ್ದಿದ್ದನ್ನ ಬಿಡಾಕ ನಾನ್ಯಾರು?"

"ನೀವು ತಿದ್ದಿದ ಮ್ಯಾಲ ಅದು ಯಾರ ಶಾಯಿ?" ಎಂದೆ. "ನೀವು ಹೋದ ಮ್ಯಾಲ ಯಾರ ಜೋಡಿ ಹೋಗತೈತಿ ಅದು? ಅಲ್ಲಾಹನ ಮುಂದ ಹೋಗಿ ಉಸ್ತಾದರ ಕಡೆ ಬೊಟ್ಟ ಮಾಡ್ತೀರೇನ?"

ಮಾತು ಜಾಸ್ತಿಯಾಯಿತೇನೋ ಎಂದು ನಾಲಗೆ ಕಚ್ಚಿಕೊಂಡೆ. ವದೂದರು ಬೇಜಾರು ಮಾಡಿಕೊಳ್ಳಲಿಲ್ಲ. ಶುಕ್ರವಾರ ಜುಮ್ಮಾ ಆದ ಮೇಲೆ ಜಮಾತಿನ ಮುಂದೆ ಇಡೋಣ ಎಂದರು.

ಶುಕ್ರವಾರ ನಾನಿಯನ್ನು ಮಂಚದ ಸಮೇತ ಮಸೀದಿಯ ಅಂಗಳಕ್ಕೆ ಹೊತ್ತು ತಂದರು. ಮಸೀದಿಯ ಆಡಳಿತ ನೋಡುವ ಮುತವಲ್ಲಿ ದಾವಲಸಾಬರು ಹಾಳೆಯನ್ನು ತಿರುಗಾಮುರುಗಾ ಮಾಡಿ ನೋಡಿದರು. ಮಸೀದಿಯ ಕೆಲಸಕ್ಕೆ ಇಪ್ಪತ್ತು ವರ್ಷ ಸವೆಸಿದವರು, ನೇರ ಮನುಷ್ಯ, ನಗು ಮಾತ್ರ ಅಪರೂಪ. ನಾನಿಯ ಕೈಗೆ ಲೇಖನಿ ಕೊಟ್ಟು ಎರಡು ಸಾಲು ಬರೆಯಿರಿ ಎಂದರು. ನಾನಿಯ ಕೈ ನಡುಗಿ ನಡುಗಿ ಅಕ್ಷರ ಎತ್ತೆತ್ತಲೋ ಹೋಯಿತು. ಗುಂಡಗಿನ ಒಂದಕ್ಷರವೂ ಬೀಳಲಿಲ್ಲ.

"ಇದು ಆ ಕೈ ಅಲ್ಲ" ಎಂದರು ದಾವಲಸಾಬರು.

"ಎಂಬತ್ತ ವರ್ಷದ ಹಿಂದಿನ ಕೈ ಎಲ್ಲಿಂದ ತರ್ಲೋ ಮಗನ? ನಿನ್ನ ಹಾಲಹಲ್ಲ ನೀ ತಂದ ತೋರಸ ನೋಡೂಣು."

ಅಂಗಳ ನಕ್ಕಿತು. ದಾವಲಸಾಬರು ನಗಲಿಲ್ಲ. "ನಾನಿ, ನಿಮಗ ಸುಳ್ಳಿ ಅನ್ನೂದಿಲ್ಲ ನಾನು. ಬರದವರು ಬದುಕ್ಯಾರ ಅನ್ನೂದು ಖರೆ. ಯಾರಂತ ಹೆಂಗ ಹೇಳೂದು? ಕಿತಾಬ ಇದ್ದದ್ದು ಜೈತೂನನ ಮನ್ಯಾಗ. ಕೂಸ ಕಳಕೊಂಡಾಕಿ ಅಕಿ ತಮ್ಮನ ಹೆಂಡ್ತಿ. ನಿನ್ನೆ ಕುಂತ ಬರದಿದ್ರ?"

"ನನ್ನ ಅಕ್ಷರ ಕೋಳಿ ಕೆದರಿದಂಗ ಇರತಾವು, ಊರಿಗೆಲ್ಲ ಗೊತ್ತೈತಿ! ನಮ್ಮ ಮನಿ ಹೆಸರಿಗೆ ಮಸಿ ಹಚ್ಚತೀರೇನ ದಾವಲಣ್ಣ?" ಎಂದು ಕೂಗಿದೆ. ಕೆಲವರು ನೆಲ ನೋಡಿದರು. ಮೂರು ತಲೆಮಾರಿನಲ್ಲಿ ಯಾರೂ ನಮ್ಮ ಮನೆಯನ್ನು ಆ ಕಣ್ಣಿನಿಂದ ನೋಡಿರಲಿಲ್ಲ.

ಆಗ ನಾನಿ ಮಂಚದಲ್ಲೇ ಕತ್ತೆತ್ತಿದರು. "ಯಾಕ ಒದರಾಡ್ತೀರಿ? ಸುಲಭ ಐತಲ್ಲ. ನಾ ಸತ್ತ ಮ್ಯಾಲ ಹಾಳಿ ಮಂಕಾದ್ರ ನಂದು, ಆಗಲಿಲ್ಲಂದ್ರ ಜೈತೂನಂದು. ತಡೀರಿ, ಸತ್ತ ತೋರಸ್ತೀನಿ."

ಈ ಸಲ ಯಾರೂ ನಗಲಿಲ್ಲ. ವದೂದರು ಹಾಳೆಯನ್ನು ಗಾಜಿನ ಚೌಕಟ್ಟಿಗೆ ಹಾಕಿಸಿ ಮಸೀದಿಯ ಗೋಡೆಯ ಗೂಡಿನಲ್ಲಿ ಇಟ್ಟರು. ಕಿತಾಬಿನ ಉಳಿದ ಹಾಳೆಗಳನ್ನು ತಿದ್ದುತ್ತಾ ಹೋದರು. ತಕಾಸುರ್ ಹಾಳೆಯನ್ನು ಬದಿಗಿಟ್ಟರು. ಅದಕ್ಕೆ ಹಜರತರ ನಲವತ್ತನೆಯ ದಿನದ ತನಕ ಮಾತ್ರ ಪುರಸೊತ್ತು. ಆಮೇಲೆ ಅದು ಬಿಳಿಯಾಗುತ್ತದೆ, ಬಿಳಿ ಹಾಳೆ ಇದ್ದ ಕಿತಾಬನ್ನು ಜಮಾತು ಒಪ್ಪುವುದಿಲ್ಲ. ನಾನಿ ಅದಕ್ಕೂ ಆಚೆ ಬದುಕಿದರೆ ಹಳೆಯ ಸಾಲನ್ನೇ ತಿದ್ದಬೇಕು, ಮತ್ತೆ ಇನ್ನೊಂದು ತಲೆಮಾರು.

ಇದೆಲ್ಲ ಬದ್ರುವಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಮರುದಿನದಿಂದಲೇ ನಾನಿಯ ಮನೆಗೆ ಹೋಗತೊಡಗಿದಳು. ಬೆಳಿಗ್ಗೆ ರವೆ ಗಂಜಿ, ಮಧ್ಯಾಹ್ನ ಕೋಳಿ ಸಾರಿನ ತಿಳಿ, ಬೆನ್ನಿಗೆ ಬಿಸಿ ಎಣ್ಣೆ. ನಾನಿಯ ಸೊಸೆಯಂದಿರೇ ನಾಚಿಕೊಳ್ಳುವಷ್ಟು ಮಾಡಿದಳು. ಒಂದು ದಿನ ನಾನೂ ಅಲ್ಲಿದ್ದೆ. ನಾನಿ ಚಮಚವನ್ನು ತಳ್ಳಿ, "ಹುಚ್ಚಿ, ನಿನಗ ನಾ ಸತ್ರ ಅಲ್ಲೇನ ಲಾಭ? ಯಾಕ ಬದುಕಸ್ತಿ?" ಎಂದು ಕೇಳಿದರು.

"ನೀವು ಇರ್ರಿ ನಾನಿ" ಎಂದಳು ಬದ್ರು. "ನನ್ನ ಮಗಳು ಎಲ್ಲೂ ಹೋಗಂಗಿಲ್ಲ."

ನಾನಿ ಗಂಜಿ ಕುಡಿದರು. ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತುಬಿಟ್ಟೆ. ಹಾಳೆ ಕದಿಯೋಣ ಅಂದವಳೂ ಇವಳೇ.

ಹಜರತರು ಹೋದ ಇಪ್ಪತ್ತೊಂಬತ್ತನೆಯ ದಿನ ಬೆಳಗಿನ ನಮಾಜಿನ ಹೊತ್ತಿಗೆ ನಾನಿ ಹೋದರು. ಬದ್ರು ಎದೆ ಬಡಿದುಕೊಂಡು ಅತ್ತಳು. ಕೊನೆಯ ಸ್ನಾನ, ಗುಸುಲ್, ಮಾಡಿಸುವಾಗ ನಾನು ನಾನಿಯ ಬಲಗೈ ತೊಳೆದೆ. ನಾನಿಯನ್ನು ಹೊತ್ತ ಡೋಲಿ ಹೊರಟಾಗ ಹೆಂಗಸರೆಲ್ಲ ಖಬರಸ್ತಾನದ ಗೇಟಿನ ತನಕ ಹೋಗಿ ನಿಂತೆವು. ವದೂದರು ಒಂದು ಕ್ಷಣ ನಮ್ಮ ಕಡೆ ತಿರುಗಿ ನಿಂತರು, ತಲೆ ತಗ್ಗಿಸಿ ಒಳಗೆ ಹೋದರು. ಗೇಟು ಮುಚ್ಚಿತು.

ಆ ಮೂರು ದಿನ ನಾನು ಹೇಗೆ ಕಳೆದೆನೋ. ಹಾಳೆ ಮಂಕಾಗದಿದ್ದರೆ? ನಾನಿಗೆ ವಯಸ್ಸಿನ ಮರೆವಿನಲ್ಲಿ ತಾನೇ ಬರೆದೆನೆಂದು ಅನ್ನಿಸಿದ್ದರೆ? ಊರು ನನ್ನನ್ನು ಕಳ್ಳಿ ಎನ್ನುತ್ತದೆ, ಅದಿರಲಿ, ಬದ್ರು ಸಾಯುವ ತನಕ ಗೇಟಿನಲ್ಲಿ ನಿಲ್ಲುತ್ತಾಳೆ.

ನಾಲ್ಕನೆಯ ದಿನ ಮಧ್ಯಾಹ್ನ ದಾವಲಸಾಬರು ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದರು. ಐದು ಹೊತ್ತೂ ನಮಾಜಿಗೆ ಮೊದಲು ಅದನ್ನು ನೋಡುತ್ತಿದ್ದರಂತೆ. ನನ್ನ ಮುಂದೆ ಹಿಡಿದರು. ಕಪ್ಪು ಅಕ್ಷರ ಕಂದು ಬಣ್ಣಕ್ಕೆ ತಿರುಗಿತ್ತು.

"ತಪ್ಪಾತವ್ವ ಜೈತೂನಾ" ಎಂದರು. ಕೂರಿ ಎಂದರೂ ಕೂರಲಿಲ್ಲ. "ನಮ್ಮವ್ವಗ ಕಡೀತನಕ ಒಂದ ಆಸೆ ಇತ್ತು, ನಮ್ಮಪ್ಪನ ಗೋರಿ ನೋಡಬೇಕಂತ. ಕಿತಾಬಿನ್ಯಾಗ ಇಲ್ಲ ಅಂತ ನಾನ ಬೈದಿದ್ದೆ ಅಕಿಗೆ." ಅಷ್ಟು ಹೇಳುವಷ್ಟರಲ್ಲಿ ಆ ಗಟ್ಟಿ ಮನುಷ್ಯ ಬಿಕ್ಕಿದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನೀರು ತಂದುಕೊಟ್ಟೆ.

ಹಜರತರ ಮೂವತ್ತೆಂಟನೆಯ ದಿನ ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ವದೂದರು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದರು, ಪಕ್ಕದ ಬಾಗಿಲು ತೆಗೆಸಿ ಹೆಂಗಸರನ್ನೂ ಕರೆಸಿದರು. ಮಣೆಯ ಮೇಲೆ ಹಜರತರ ಹಾಳೆ, ಪಕ್ಕದಲ್ಲಿ ನಾನಿಯ ಹಾಳೆ. ಹಜರತರ ಸಾಲು ಕಾಣಿಸುತ್ತದೋ ಇಲ್ಲವೋ ಎಂಬಂತಿತ್ತು.

"ಐದನೂರಾ ತೊಂಬತ್ತೊಂಬತ್ತ ಹಾಳಿ ತಿದ್ದೇನಿ. ಇದೊಂದನ್ನ ಬರೀತೀನಿ" ಎಂದರು. ಹೊಸ ಹಾಳೆಯಲ್ಲಿ ಸೂರಾದ ಅರ್ಥ ಬರೆದರು: ಇನ್ನಷ್ಟು ಮತ್ತಷ್ಟು ಎಂಬ ಪೈಪೋಟಿ ನಿಮ್ಮನ್ನು ಮೈಮರೆಸಿತು, ಗೋರಿಗಳನ್ನು ಕಾಣುವ ತನಕ. ಪ್ಲೇಗಿನ ವರ್ಷದ ಮಾತನ್ನು ಪೂರ್ತಿ ಬರೆದು, ಖೈರುನ್ನಿಸಾ ಎಂಬ ಹುಡುಗಿ ಅಪ್ಪನ ಬಾಯಿಂದ ಕೇಳಿ ಬರೆದದ್ದು ಎಂದು ಸೇರಿಸಿದರು. ಎರಡೂ ಕಡೆಯ ಆಲಿಮರ ಮಾತು ಬರೆದರು. ಕೊನೆಗೆ, ರೋಗ ಇಳಿದಿದೆ, ಎಲ್ಲರೂ ಬನ್ನಿ ಎಂದು ಬರೆದು ಕೆಳಗೆ ತಮ್ಮ ಹೆಸರು ಹಾಕಿದರು. ಕಿತಾಬಿನಲ್ಲಿ ಅದುವರೆಗೆ ಯಾರೂ ಹೆಸರು ಹಾಕಿರಲಿಲ್ಲ.

"ಹೆಸರು ಯಾಕ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ತಪ್ಪಿದ್ರ ನಂದಾಗಲಿ. ನನ್ನ ಮ್ಯಾಲ ಬರುವವರು ತಿದ್ದೂ ಮೊದಲ ಒಮ್ಮಿ ಓದಲಿ."

ಮೂವರು ಹಿರಿಯರು ಎದ್ದು ಹೋದರು. ಅವರಲ್ಲಿ ಒಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಇರಲಿ, ಅವರ ಹೆಂಡತಿ ಮಾತಾಡುತ್ತಾಳೆ.

ಮರುದಿನ ಬೆಳಿಗ್ಗೆ ಬದ್ರು ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಸುಣ್ಣ ಕಲಸಿದ ಒಂದು ಬಟ್ಟಲು ಹಿಡಿದು ಬಂದಳು. ಗೇಟಿನ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ತಿಂಗಳುಗಟ್ಟಲೆಯ ರೂಢಿ. ನಾನು ಬೆನ್ನಿಗೆ ಕೈ ಇಟ್ಟೆ, ಒಳಗೆ ಹೋದೆವು. ರಾಜೇಸಾಬ ಮುಂದೆ ನಡೆದು ಬೇಲಿಯ ಕಡೆಯ ಪುಟ್ಟ ಗೋರಿ ತೋರಿಸಿದ. ಅಲ್ಲಿ ಒಂದು ಕರಿ ಕಲ್ಲು ನಿಲ್ಲಿಸಿತ್ತು, ಅಷ್ಟೇ. ಅವನಿಗೆ ಅಕ್ಷರ ಬಾರದು, ಯಾರಿಂದಲೂ ಬರೆಸಿರಲಿಲ್ಲ.

ಬದ್ರು ಮಣ್ಣಿನ ಮೇಲೆ ಅಂಗೈ ಇಟ್ಟು ಕೂತಳು. ಅಳುತ್ತಾಳೆಂದು ಕಾದೆ. ಅವಳು ಕೂಸಿನ ಹೊದಿಕೆ ಸರಿಪಡಿಸುವ ಹಾಗೆ ಗೋರಿಯ ಮೇಲಿನ ಒಣ ಎಲೆಗಳನ್ನು ಒಂದೊಂದಾಗಿ ತೆಗೆದಳು, ಅಲ್ಲಲ್ಲಿ ಮಣ್ಣನ್ನು ತಟ್ಟಿದಳು. "ತಲಿ ಕಡೆ ಬಿಸಿಲ ಬೀಳತೈತಲ್ಲ, ಒಂದ ಗಿಡ ಹಚ್ಚಬೇಕಂತ ಒಂದ ಸಲನೂ ತಿಳೀಲಿಲ್ಲೇನ ನಿಮಗ?" ಎಂದು ಗಂಡನನ್ನು ಬೈದಳು. ಅವನು ಬೈಸಿಕೊಂಡು ಕಣ್ಣೊರೆಸಿಕೊಂಡ. ನಾನು ಸ್ವಲ್ಪ ದೂರ ಸರಿದು, ನಮ್ಮನೆಯವರು ಎಲ್ಲಿ ಎಂದು ತಮ್ಮನನ್ನು ಕೇಳಿದೆ. ಅವನು ಬೇವಿನ ಗಿಡದ ಕಡೆ ಕೈ ತೋರಿಸಿದ. ಒಳ್ಳೆಯ ನೆರಳಿತ್ತು ಅಲ್ಲಿ.

ತಿರುಗಿ ಬಂದಾಗ ಬದ್ರು ಬೆರಳನ್ನು ಸುಣ್ಣದಲ್ಲಿ ಅದ್ದಿ ಕಲ್ಲಿನ ಮೇಲೆ ಬರೆಯುತ್ತಿದ್ದಳು. ಮುನೀರಾ. ಅದರ ಕೆಳಗೆ ಮತ್ತೆ ಮುನೀರಾ. ಕಿಟಕಿಯ ಕೆಳಗಿನ ಗೋಡೆಯಲ್ಲಿ ಇದ್ದ ಹಾಗೆ ಕಲ್ಲು ತುಂಬುವ ತನಕ ಬರೆದಳು. ಮುಗಿಸಿ, ಸುಣ್ಣದ ಬೆರಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ನಾ ಇರೂ ತನಕ ಇರತೈತಿ, ಅಲ್ಲೇನ ಆಪಾ?"

"ಇರತೈತಿ" ಎಂದೆ. "ಇನ್ನ ಮುಂದ ನೀನೂ ನಾನಿಯಂಗ ಗಂಜಿ ಕುಡಿ."